ಮಹಡಿ ಕಟ್ಟು, ಆ ಪಡುವಣ ಕಿಟಕಿ ಮಾತ್ರ ಬದಲಿಸು

ತೀರ್ಥಹಳ್ಳಿ
ಡಿಸೆಂಬರ್ ಮೊದಲ ವಾರ

ಪ್ರೀತಿಯ ಪುಟ್ಟೂಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಶಿವಮೊಗ್ಗದ ಮನೆಗೆ ಮಹಡಿ ಏರಿಸುತ್ತೀಯ ಎಂದು ಕೇಳಿ ತುಂಬಾ ಖುಷಿಯಾಯಿತು. ಮಕ್ಕಳು ದೊಡ್ಡವರಾಗುತ್ತಿದ್ದಾರೆ, ಅಪ್ಪ ಅಮ್ಮನೂ ಜೊತೆಗಿದ್ದಾರೆ, ಎರಡು ಕೋಣೆ ಎಲ್ಲಿ ಸಾಲುತ್ತದೆ? ಆದರೆ ಪಕ್ಕದ ಮನೆಯವರ ತಕರಾರಿನ ಬಗ್ಗೆ ನೀನು ಫೋನಿನಲ್ಲಿ ಆಡಿದ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ‘ನನ್ನ ಜಾಗ, ನನ್ನ ಲೈಸೆನ್ಸು, ಅವರಿಗೇನು ಕಷ್ಟ?’ ಅಂದೆ. ಅವರ ಕಷ್ಟ ಏನು ಅಂತ ಬರೆಯುತ್ತೇನೆ. ಸಿಟ್ಟು ಮಾಡಿಕೊಳ್ಳದೆ ಓದು.

ಅವರ ಹಿತ್ತಿಲು ನಾನು ನೋಡಿದ್ದೇನೆ. ಬಟ್ಟೆ ಒಗೆಯುವ ಕಲ್ಲು, ಹಂಡೆ ಒಲೆ, ಹೊರಗಿನ ಬಚ್ಚಲು, ದಾಸವಾಳದ ಗಿಡ. ಆ ಅಮ್ಮ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ನೈಟಿಯಲ್ಲೇ ಓಡಾಡುವುದು ಅಲ್ಲಿ. ಮಿಂದು ಒದ್ದೆ ಕೂದಲಲ್ಲಿ ಒಳಗೆ ಹೋಗುವುದು ಅಲ್ಲಿಂದ. ಮಗಳು ಬಾಣಂತನಕ್ಕೆ ಬಂದರೆ ಮಗುವಿಗೆ ಎಳೆಬಿಸಿಲು ಕಾಯಿಸುವುದೂ ಅಲ್ಲೇ. ಇಷ್ಟು ವರ್ಷ ಇದಕ್ಕೆಲ್ಲ ಒಂದು ಕಾಂಪೌಂಡ್ ಗೋಡೆ ಸಾಕಾಗಿತ್ತು. ನಿನ್ನ ಮಹಡಿ ಎದ್ದ ದಿನ ಆ ಗೋಡೆ ಇದ್ದೂ ಇಲ್ಲದ ಹಾಗೆ.

‘ನಾನೇನು ಬಗ್ಗಿ ನೋಡ್ತೀನಾ?’ ಅಂತ ಕೇಳಿದೆ. ನೋಡುವವನಲ್ಲ, ನನಗೆ ಗೊತ್ತು. ಅವರಿಗೂ ಗೊತ್ತಿರಬಹುದು. ಆದರೂ ಮೇಲೆ ಒಂದು ಕಿಟಕಿ ತೆರೆದಿದ್ದರೆ, ಆ ಅಮ್ಮ ಹಿಂಬಾಗಿಲು ದಾಟುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಲೇಬೇಕು. ಯಾರೂ ಇಲ್ಲದಿದ್ದರೂ ನೋಡಬೇಕು, ದಿನಾ ನೋಡಬೇಕು. ತನ್ನ ಮನೆಯಲ್ಲಿ ತಾನು ಮೈಮರೆತು ಇರುವ ಸುಖ ಹೋಯಿತಲ್ಲ, ಅದೇ ಅವರ ಕಷ್ಟ. ನಾಳೆ ನೀನು ಮಹಡಿಯನ್ನು ಬಾಡಿಗೆಗೆ ಕೊಟ್ಟರೆ ಆ ಕಿಟಕಿಯಲ್ಲಿ ನಿಲ್ಲುವವರು ಯಾರೋ ಏನೋ. ಅವರು ಹೆದರುವುದು ಜಾಸ್ತಿ ಅದಕ್ಕೇ ಇರಬೇಕು.

ನಮ್ಮ ಕಡೆ ಉಪ್ಪರಿಗೆ ಮನೆ ಹೊಸತೇನಲ್ಲ. ಆದರೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟವೋ ಗದ್ದೆಯೋ ಇರುತ್ತಿತ್ತು. ಇವತ್ತಿಗೂ ಇಲ್ಲಿ ಹಿತ್ತಿಲ ಕಡೆಯಿಂದ ಬರುವವರು ದೂರದಿಂದಲೇ ಕೂಗಿ ಬರುತ್ತಾರೆ. ನಿಮ್ಮದು 30–40ರ ಸೈಟು. ಎರಡೂ ಕಡೆ 3 ಅಡಿ ಬಿಟ್ಟರೂ ಗೋಡೆಯಿಂದ ಗೋಡೆಗೆ 6 ಅಡಿ ಅಷ್ಟೇ.

ಕಾನೂನಿನ ಮಾತು ತೆಗೆದೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ಆದರೆ ಅದು ಆಧಾರ್ ವಿಷಯ, ಸರ್ಕಾರದ ಎದುರು ನಡೆದ ಕೇಸು. ಕಿಟಕಿಯ ಮಾತು ಬರುವುದು 1882ರ ಈಸ್‌ಮೆಂಟ್ ಕಾಯ್ದೆಯ, ಅಂದರೆ ಪಕ್ಕದವರ ಜಾಗದ ವಿಷಯದಲ್ಲಿ ನಮಗಿರುವ ಹಕ್ಕುಗಳ ಕಾಯ್ದೆಯ, 18ನೇ ಸೆಕ್ಷನ್ನಿನಲ್ಲಿ. ನೆರೆಮನೆಯ ಮರೆ ಕೆಡಿಸುವಂಥ ಹೊಸ ಕಿಟಕಿ ಇಡಬಾರದು ಎಂಬ ರೂಢಿ ಒಂದು ಊರಲ್ಲಿದ್ದರೆ, ಅಲ್ಲಿ ಅದು ಹಕ್ಕಾಗುತ್ತದೆ ಎಂಬ ಉದಾಹರಣೆ ಅದರಲ್ಲಿದೆ. ಆದರೆ ಆ ರೂಢಿಯನ್ನು ಸಾಬೀತು ಮಾಡಬೇಕು. ಹಾಗಾಗಿ ಕೋರ್ಟಿಗೆ ಹೋದರೆ ಅವರಿಗೆ ಗೆಲ್ಲುವುದು ಸುಲಭವಲ್ಲ. ಹಾಗಂತ ನೀನು ಗೆದ್ದು ಏನು ಮಾಡುತ್ತೀಯ? ರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಮೊದಲು ಓಡಿ ಬರುವವರು ಅವರೇ.

ಈಗ ಕಿಟಕಿಯ ವಿಷಯ. ನೀನು ಕಳಿಸಿದ ನಕ್ಷೆಯಲ್ಲಿ ಮಲಗುವ ಕೋಣೆಗೆ ಪಡುವಣ ಗೋಡೆಯಲ್ಲಿ 4 ಅಡಿಗೆ 4 ಅಡಿ ಕಿಟಕಿ ಇದೆ, ನೆಲದಿಂದ 3 ಅಡಿ ಎತ್ತರಕ್ಕೆ. ಅದು ನೇರ ಅವರ ಬಚ್ಚಲಿನ ಮೇಲೆ. ಸುಮ್ನೆ ಯೋಚಿಸು, ಮಳೆ ಬರುವುದು ಯಾವ ಕಡೆಯಿಂದ? ಜೂನ್ ಹಿಡಿದರೆ ಎರಚಲೆಲ್ಲ ಪಡುವಣ ಗೋಡೆಗೇ ಹೊಡೆಯುವುದು. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲೂ ಅಲ್ಲಿಂದಲೇ. ಮಳೆಗಾಲ ಪೂರ್ತಿ ಮುಚ್ಚಿ, ಬೇಸಿಗೆಯಲ್ಲಿ ಪರದೆ ಎಳೆದು ಕೂರುವ ಕಿಟಕಿ ಅದು.

ಅದರ ಬದಲು ಕಿಟಕಿಯ ತಳವನ್ನು ನೆಲದಿಂದ 5½ ಅಡಿಗೆ ಏರಿಸು. ಕಿಟಕಿಯ ಮೇಲೆ ಕೂರುವ ಲಿಂಟಲ್ ತೊಲೆ 7 ಅಡಿಗೆ ಇದ್ದರೆ ಒಂದೂವರೆ ಅಡಿ ಸಿಗುತ್ತದೆ. ಅಡ್ಡಕ್ಕೆ 6 ಅಡಿ ಉದ್ದ ಮಾಡಿಸು, 9 ಚದರಡಿ ಆಯಿತು. ಬೆಳಕು ಬರುತ್ತದೆ, ಬಿಸಿಗಾಳಿ ಹೊರಗೆ ಹೋಗುತ್ತದೆ, ನಿಂತವರಿಗೆ ಆಕಾಶ ಮಾತ್ರ ಕಾಣುತ್ತದೆ. ಮೇಲೆ ಅಗಲವಾದ ಸಜ್ಜಾ ಬೇಕೇ ಬೇಕು. ದೊಡ್ಡ ಕಿಟಕಿಯನ್ನು ರಸ್ತೆ ಕಡೆಗೆ ಇಡು. ಮೆಟ್ಟಿಲ ತಿರುವಿನಲ್ಲಿ ಜಾಲಿ ಸಾಕು, ಬಚ್ಚಲಿಗೆ ಹೇಗೂ ಮಸುಕು ಗಾಜು. ಬದಲಾವಣೆ ಮಾಡುವ ಮುಂಚೆ ಇಂಜಿನಿಯರ್ ಹತ್ತಿರ ಮಾತಾಡಿ, ಮಹಾನಗರ ಪಾಲಿಕೆಗೆ ತಿದ್ದಿದ ನಕ್ಷೆ ಕೊಡಬೇಕಾ ಎಂದು ಕೇಳಿಕೋ.

ತಾರಸಿಯ ಪ್ಯಾರಾಪೆಟ್ಟನ್ನು ಆ ಕಡೆ ಮಾತ್ರ 5 ಅಡಿಗೆ ಎತ್ತರಿಸು. ತಾರಸಿ ಮೇಲೆ ಶೀಟು ಹೊದೆಸಿದರೆ ನೀರು ಅವರ ಕಾಂಪೌಂಡಿಗೆ ಬೀಳದ ಹಾಗೆ ಇಳಿಜಾರು ಕೊಡು. ಸಿಸಿ ಕ್ಯಾಮೆರಾ ನಿನ್ನ ಗೇಟು ನೋಡಲಿ, ಅವರ ಹಿತ್ತಿಲು ಬೇಡ. ಕೆಲಸ ನಡೆಯುವಾಗ ಸಾರುವೆಯ ಆ ಬದಿಗೆ ಹಸಿರು ನೆಟ್ ಕಟ್ಟಿಸು. ಗಾರೆಯವರು ದಿನವಿಡೀ ಮೇಲೆ ನಿಂತಿರುತ್ತಾರೆ, ಆ ಮನೆಯ ಹೆಂಗಸರು ತಿಂಗಳುಗಟ್ಟಲೆ ಒಳಗೇ ಕೂರಬೇಕಾ?

ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನು ಅಂತ ನಾನು ಹೇಳುತ್ತಿಲ್ಲ. ಆ ಗೋಡೆಗೆ ಕಿಟಕಿಯೇ ಬೇಡ ಎಂದರೆ ಒಪ್ಪಬೇಡ. ಮಲೆನಾಡಿನ ಮಳೆಗಾಲದಲ್ಲಿ ಎದುರುಬದುರು ಗಾಳಿಯಾಡದ ಕೋಣೆಯಲ್ಲಿ ಬಟ್ಟೆ, ಹಾಸಿಗೆ, ಗೋಡೆ ಎಲ್ಲ ಬೂಷ್ಟು ಹಿಡಿಯುತ್ತವೆ. ಮಕ್ಕಳು ಮಲಗುವ ಕೋಣೆ ಅದು. ಮಹಡಿಯೇ ಬೇಡ ಎಂದರೆ ಅದನ್ನೂ ಒಪ್ಪಬೇಡ. ದನಿ ಏರಿಸದೆ ಹೇಳು, ಅಷ್ಟೇ.

ಈ ಭಾನುವಾರ ನೀನು ಮತ್ತು ನಿನ್ನ ಹೆಂಡತಿ ಇಬ್ಬರೂ ಹೋಗಿ. ನೀನೊಬ್ಬನೇ ಹೋದರೆ ಆ ಅಮ್ಮ ಬಾಯಿಬಿಟ್ಟು ಹೇಳುವುದಿಲ್ಲ, ಯಜಮಾನರು ಮಾತ್ರ ಜೋರು ಮಾಡುತ್ತಾರೆ. ಹೆಂಗಸರಿಬ್ಬರು ಹಿತ್ತಿಲಲ್ಲಿ ನಿಂತು, ಎಲ್ಲಿಂದ ಏನು ಕಾಣುತ್ತದೆ ಎಂದು ನೋಡಲಿ. ನಕ್ಷೆ ತೋರಿಸಿ. ಗೋಡೆ ಕಿಟಕಿಯ ತಳದ ಮಟ್ಟಕ್ಕೆ ಬಂದಾಗ ಅವರನ್ನು ಮೇಲೆ ಕರೆದುಕೊಂಡು ಹೋಗಿ, ಲಿಂಟಲ್ ಕೂರುವ ಮುಂಚೆ. ಆಮೇಲೆ ಒಡೆಸುವುದು ಯಾರಿಂದಲೂ ಆಗುವುದಿಲ್ಲ.

ನಮ್ಮಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ, ಮುಗಿದ ಮೇಲೆ ಬರುತ್ತೇನೆ. ಅವರು ಏನೆಂದರು ಅಂತ ಭಾನುವಾರ ರಾತ್ರಿಯೇ ಫೋನ್ ಮಾಡು.

ಇಂತು,
ನಿನ್ನ ಅತ್ತೆ