ಇಂಟರ್ನ್‌ಶಿಪ್‌ನಲ್ಲಿರುವ ಮಗಳಿಗೆ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

"ನೀನು ಚೆನ್ನಾಗಿ ಬರೆಯುತ್ತೀಯ, ಚೆನ್ನಾಗಿ ಮಾತನಾಡುತ್ತೀಯ, ಸರ್ಕ್ಯೂಟ್ ಬೋರ್ಡಿನ ಕೆಲಸ ಹುಡುಗರು ನೋಡಿಕೊಳ್ಳಲಿ, ನೀನು ಡಾಕ್ಯುಮೆಂಟೇಶನ್ ವಹಿಸಿಕೊ" ಎಂದು ನಿನ್ನ ಟೀಮ್ ಲೀಡರ್ ಹೇಳಿದರೆಂದೂ, ಅದನ್ನು ಹೊಗಳಿಕೆ ಎಂದುಕೊಳ್ಳಬೇಕೋ ಬೇಡವೋ ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯ. ಅವರು ಹೊಗಳಿಯೇ ಹೇಳಿರಬಹುದು. ಕೆಟ್ಟ ಉದ್ದೇಶವಿತ್ತೆಂದು ನಾನು ಭಾವಿಸುವುದಿಲ್ಲ. ಆದರೆ ಇಷ್ಟು ವರ್ಷ ಯಂತ್ರಗಳ ಒಳಗಿನ ಚಿಪ್ಪುಗಳನ್ನು ನಡೆಸುವ ಎಂಬೆಡೆಡ್ ಸಾಫ್ಟ್‌ವೇರ್ ಬರೆದುಕೊಂಡು ಬಂದಿರುವ ನಾನು ಕಂಡಂತೆ, ಹೆಣ್ಣುಮಕ್ಕಳನ್ನು ಯಂತ್ರದ ಹತ್ತಿರದಿಂದ ಆಚೆಗೆ ಸರಿಸುವ ಮಾತು ಬೈಗುಳವಾಗಿ ಬರುವುದು ಅಪರೂಪ. ಅದು ಹೆಚ್ಚಾಗಿ ಹೀಗೆ ಮೆಚ್ಚುಗೆಯ ವೇಷದಲ್ಲೇ ಬರುತ್ತದೆ.

ನೀನು ಏಳನೇ ತರಗತಿಯಲ್ಲಿದ್ದಾಗ ಕೆಟ್ಟ ಮಿಕ್ಸಿಯನ್ನು ಬಿಚ್ಚಿ, ಕಾರ್ಬನ್ ಬ್ರಷ್ ಸವೆದಿರುವುದನ್ನು ಪತ್ತೆಮಾಡಿದವಳು. ಅಜ್ಜಿ ಅಂದು ತಲೆ ಚಚ್ಚಿಕೊಂಡರು, ಮರುದಿನ ಅದರಲ್ಲೇ ಚಟ್ನಿ ರುಬ್ಬಿದರು. ಶಾಲೆಯಲ್ಲಿ ನಿನ್ನನ್ನು ಗೀಕ್ ಎಂದು ಆಡಿಕೊಂಡವರಿದ್ದರು. ನನ್ನ ಕಾಲದಲ್ಲಿ ರೇಡಿಯೊ ಬಿಚ್ಚಿದ ಹುಡುಗಿಗೆ ಗಂಡುಬೀರಿ ಎನ್ನುತ್ತಿದ್ದರು. ಕಾಲೇಜಿನ ರೋಬಾಟಿಕ್ಸ್ ಕ್ಲಬ್ಬಿನಲ್ಲಿ ನಿನ್ನಂಥವರೇ ಸಿಕ್ಕ ಮೇಲೆ ಆ ಒಂಟಿತನ ನೀಗಿತು. ಈಗಿನದು ಬೇರೆ ಬಗೆಯ ತೊಡಕು. ಇಲ್ಲಿ ಯಾರೂ ನಿನ್ನನ್ನು ಆಡಿಕೊಳ್ಳುವುದಿಲ್ಲ. ನಯವಾಗಿ ಬೇರೆ ಕುರ್ಚಿ ತೋರಿಸುತ್ತಾರೆ.

ಇದು ಹಳೆಯ ಕಥೆ. 1946ರ ಫೆಬ್ರವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಗಣಕವನ್ನು ಜಗತ್ತಿನ ಮುಂದಿಟ್ಟಾಗ, ಫಿರಂಗಿ ಗುಂಡಿನ ಪಥವನ್ನು ಲೆಕ್ಕ ಹಾಕಿ ತೋರಿಸಿದ ಪ್ರೋಗ್ರಾಮನ್ನು ಸಿದ್ಧಪಡಿಸಿದವರು ಮಹಿಳೆಯರು. ಸುಮಾರು 18,000 ನಿರ್ವಾತ ನಳಿಗೆಗಳಿದ್ದ ಆ ಯಂತ್ರವನ್ನು ಪ್ರೋಗ್ರಾಮ್ ಮಾಡುವುದಕ್ಕೆ ಕೈಪಿಡಿ ಇರಲಿಲ್ಲ. ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್ ಮತ್ತವರ ಮೂವರು ಸಂಗಾತಿಗಳು ಸರ್ಕ್ಯೂಟಿನ ನಕ್ಷೆಗಳನ್ನು ಓದಿಯೇ ಅದರ ಒಳಹೊರಗನ್ನು ಕಲಿತು, ಕೇಬಲ್ಲುಗಳನ್ನೂ ಸ್ವಿಚ್ಚುಗಳನ್ನೂ ಹೊಂದಿಸಿ ಲೆಕ್ಕ ಮಾಡಿಸಿದರು. ಪತ್ರಿಕೆಗಳಲ್ಲಿ ಅವರ ಹೆಸರು ಬರಲಿಲ್ಲ, ಅಂದು ರಾತ್ರಿಯ ಔತಣಕ್ಕೂ ಅವರನ್ನು ಕರೆಯಲಿಲ್ಲ. ಯಂತ್ರ ಕಟ್ಟುವುದು ಎಂಜಿನಿಯರಿಂಗ್, ಅದಕ್ಕೆ ಲೆಕ್ಕ ಹೂಡುವುದು ಗುಮಾಸ್ತಿಕೆ ಎಂದು ಅಂದಿನವರು ತಿಳಿದಿದ್ದರು. ಮುಂದೆ ಪ್ರೋಗ್ರಾಮಿಂಗ್‌ಗೆ ಹಣವೂ ಮರ್ಯಾದೆಯೂ ಬಂದಾಗ ಅದೇ ಕೆಲಸ ಗಂಡಸರದ್ದೆನಿಸಿತು. ಯೋಗ್ಯತೆ ನೋಡಿ ಕೆಲಸ ಹಂಚಿದ್ದರೆ ಹೀಗಾಗುತ್ತಿರಲಿಲ್ಲ.

ಅಷ್ಟು ದೂರ ಹೋಗುವುದೇಕೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ರಾಜೇಶ್ವರಿ ಚಟರ್ಜಿ ಇದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ ಅವರು ಗಣಿತದ ಅಧ್ಯಾಪಕಿಯಾಗಿ ನೆಮ್ಮದಿಯಿಂದ ಇರಬಹುದಿತ್ತು. ಹಾಗಿರದೆ ವಿದ್ಯುತ್ ಸಂವಹನದ ಕಡೆಗೆ ತಿರುಗಿ, ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ, 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ ಬಂದು, ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೊವೇವ್ ಪ್ರಯೋಗಾಲಯವನ್ನು ಕಟ್ಟಿದರು. 1982ರಲ್ಲಿ ನಿವೃತ್ತರಾಗುವವರೆಗೂ ಆಂಟೆನಾ, ಮೈಕ್ರೊವೇವ್ ವಿಷಯಗಳಲ್ಲಿಯೇ ಇದ್ದರು. ಕಾಗದದ ಮೇಲಿನ ಲೆಕ್ಕದಿಂದ ಉಪಕರಣದ ಕಡೆಗೆ ಅವರು ನಡೆದುಹೋದ ದಿಕ್ಕು ನನಗೆ ಅವರ ಪದವಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಡಾಕ್ಯುಮೆಂಟೇಶನ್ ಕೀಳು ಕೆಲಸವೆಂದು ಮಾತ್ರ ಎಣಿಸಬೇಡ. ನಾನು ಕಂಡ ಒಳ್ಳೆಯ ಎಂಜಿನಿಯರುಗಳೆಲ್ಲ ಸ್ಪಷ್ಟವಾಗಿ ಬರೆಯಬಲ್ಲವರು. ಆದರೆ ಅವರು ತಾವೇ ಅಳೆದು ನೋಡಿದ್ದನ್ನು ಬರೆಯುತ್ತಿದ್ದರು. ಬೇರೆಯವರು ಅಳೆದದ್ದನ್ನು ಕೇಳಿ ಬರೆಯುವವಳಿಗೆ ಎರಡು ವರ್ಷ ಕಳೆಯುವುದರೊಳಗೆ ಏನನ್ನು ಕೇಳಬೇಕೆಂಬುದೂ ಮರೆತುಹೋಗುತ್ತದೆ. ಪ್ಯಾಕೇಜು, ಹುದ್ದೆಯ ಹೆಸರು ಇವೆಲ್ಲ ಹೇಗೋ ಬರುತ್ತವೆ. ಆರಂಭದ ವರ್ಷಗಳಲ್ಲಿ ಕೈಗೆ ಹತ್ತಬೇಕಾದ ಕೆಲಸವನ್ನು ಮ್ಯಾನೇಜರ್ ಆದ ಮೇಲೆ ಕಲಿಯುತ್ತೇನೆಂದರೆ ಯಾರೂ ಪುರಸೊತ್ತು ಕೊಡುವುದಿಲ್ಲ. ಸೋಮವಾರ ಹೋಗಿ, ಜಗಳಕ್ಕೆ ನಿಲ್ಲದೆ, "ಬರೆಯುವ ಕೆಲಸ ಮಾಡುತ್ತೇನೆ ಸರ್, ಜೊತೆಗೆ ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಭಾಗವನ್ನೂ ನನಗೆ ಕೊಡಿ" ಎಂದು ಕೇಳು. ಇಲ್ಲವೆಂದರೆ ಕಾರಣವನ್ನೂ ಕೇಳು. ಕಾರಣ ಹೇಳಬೇಕಾದಾಗ ಎಷ್ಟೋ ಜನ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುತ್ತಾರೆ.

ಇನ್ನು, ಮೋಟಾರ್ ಶುರುವಾದ ಕೂಡಲೇ ಬೋರ್ಡ್ ರೀಸೆಟ್ ಆಗಿ ಮೊದಲಿನಿಂದ ಶುರುವಾಗುತ್ತಿದೆ, ಎಲ್ಲರೂ ಕೋಡಿನಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದಿದ್ದೀಯಲ್ಲ, ನನ್ನ ಗಮನವೆಲ್ಲ ಅಲ್ಲೇ ನಿಂತಿತು. ನಿಂತ ಮೋಟಾರ್ ತಿರುಗಲು ಶುರುಮಾಡುವಾಗ ತಿರುಗುವಾಗ ಹುಟ್ಟಿ ಕರೆಂಟನ್ನು ತಡೆಯುವ ಹಿಮ್ಮುಖ ವೋಲ್ಟೇಜ್ ಇರುವುದಿಲ್ಲವಾದ್ದರಿಂದ, ಅದು ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕ್ಷಣದಲ್ಲಿ ಸಪ್ಲೈ ಕುಸಿದರೆ ಬೋರ್ಡನ್ನು ನಡೆಸುವ ಚಿಪ್ಪಾದ ಮೈಕ್ರೊಕಂಟ್ರೋಲರ್ ತಾನಾಗಿಯೇ ರೀಸೆಟ್ ಆಗುತ್ತದೆ. ಮೊದಲು ಆ ಚಿಪ್ಪಿನೊಳಗೆ ರೀಸೆಟ್ ಕಾರಣ ದಾಖಲಾಗುವ ರಿಜಿಸ್ಟರ್ ಓದು. ಆಮೇಲೆ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ಚಿಪ್ಪಿನ ಸಪ್ಲೈ ಪಿನ್ನಿಗೇ ಹಿಡಿದು, ಗ್ರೌಂಡ್ ತಂತಿ ಆದಷ್ಟು ಗಿಡ್ಡವಿರುವಂತೆ ನೋಡಿಕೊಂಡು, ವೋಲ್ಟೇಜ್ ಇಳಿದ ಕೂಡಲೇ ಒಮ್ಮೆ ಹಿಡಿದು ನಿಲ್ಲಿಸುವಂತೆ ಇಳಿಯುವ ಅಂಚಿಗೆ ಸಿಂಗಲ್ ಟ್ರಿಗರ್ ಇಡು. ಸಪ್ಲೈ ಕುಸಿಯುತ್ತಿದ್ದರೆ ಡ್ರೈವರಿನ ಪಕ್ಕ ದೊಡ್ಡ ಕೆಪಾಸಿಟರ್ ಹಾಕಿ, ಮೋಟಾರಿನ ವೇಗವನ್ನು ನಿಧಾನವಾಗಿ ಏರಿಸಿ ನೋಡು. ಕುಸಿಯದಿದ್ದರೆ, ಪ್ರೋಗ್ರಾಮ್ ಸಿಕ್ಕಿಕೊಂಡಾಗ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗನ್ನೂ ಗ್ರೌಂಡ್ ಜೋಡಣೆಯನ್ನೂ ಅನುಮಾನಿಸಬೇಕಾಗುತ್ತದೆ. ಪರದೆಯ ಚಿತ್ರ ತೆಗೆದು ಕಳುಹಿಸು. ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿದರೆ ಇಬ್ಬರೂ ಕೂಡಿ ನೋಡೋಣ.

ಇಂತು,
ನಿನ್ನ ಅಮ್ಮ