ಗೆಳೆಯನಿಗೊಂದು ಪತ್ರ: ಇಳಿಯಬೇಕಾದ ಸ್ಟೇಷನ್ ದಾಟಿಸಿದ ಆಲ್ಬಮ್

ಮಾರಾಯ,

ಎರಡು ವಾರದಿಂದ ನಿನ್ನ ಮೆಸೇಜಿಗೆ ಉತ್ತರ ಕೊಟ್ಟಿಲ್ಲ, ಗೊತ್ತು. ಬೈಯುವುದಿದ್ದರೆ ಊರಿಗೆ ಬಂದಾಗ ಒಟ್ಟಿಗೆ ಬೈ. ಮೊನ್ನೆ ಬೆಳಿಗ್ಗೆ ರೈಲಿನಲ್ಲಿ ಆಫೀಸಿಗೆ ಹೋಗುವಾಗ ಕಾಯಾಬಾಚೊದಲ್ಲಿ ಇಳಿಯಬೇಕಿದ್ದವನು ಮೂರು ಸ್ಟೇಷನ್ ದಾಟಿ ತಾಕೆಬಾಶಿಯಲ್ಲಿ ಇಳಿದೆ. ನಿದ್ದೆ ಬಂದದ್ದಲ್ಲ. ಕಿವಿಯಲ್ಲಿ ಒಂದು ಬೇಸ್ ಗಿಟಾರ್ ಸೋಲೊ ನಡೀತಾ ಇತ್ತು, ಅದು ಮುಗಿಯದೆ ಏಳಲು ಮನಸ್ಸಾಗಲಿಲ್ಲ.

ಮೊದಲಿಂದ ಹೇಳ್ತೇನೆ. ನಾನಿರುವ ನಿಶಿಕಸಾಯ್ ಟೋಕಿಯೊ ಮೆಟ್ರೊದ ತೊಜಾಯ್ ಲೈನಿನಲ್ಲಿದೆ. ಐಟಿ ಕೆಲಸಕ್ಕೆಂದು ಬಂದ ನಮ್ಮ ದೇಶದವರು ತುಂಬಾ ಜನ ಇರುವ ಜಾಗ, ನಿನಗೆ ಹೇಳಿದ್ದೆ. ಈ ಲೈನಿನಲ್ಲಿ ರೈಲು ಹೊರಡುವ ಮುಂಚೆ ಬೆಲ್ ಹೊಡೆಯುವುದಿಲ್ಲ, ಕೆಲವೇ ಸೆಕೆಂಡಿನ ಒಂದು ಟ್ಯೂನ್ ಹಾಕ್ತಾರೆ. ಸ್ಟೇಷನ್ನಿಗೊಂದು ಟ್ಯೂನ್. ನನಗೆ ಅದರ ಅರ್ಥ ಇಷ್ಟೇ: 'ಓಡು, ಬಾಗಿಲು ಮುಚ್ತಾ ಉಂಟು.'

ಒಂದು ದಿನ ಊಟದ ಹೊತ್ತಿಗೆ ಆಫೀಸಿನ ಹಿರಿಯರೊಬ್ಬರ ಎದುರು ನಾನು ಆ ಟ್ಯೂನನ್ನೇ ಗುನುಗ್ತಾ ಇದ್ದೆ. ಅವರು ಚಾಪ್‌ಸ್ಟಿಕ್ ಕೆಳಗಿಟ್ಟು ನಕ್ಕರು. ಅದನ್ನು ಮಾಡಿದವರು ಮಿನೋರು ಮುಕಾಯಿಯಾ, ಈ ಲೈನಿನ ಸ್ಟೇಷನ್ನುಗಳ ತುಣುಕುಗಳನ್ನು ಸಾಲಾಗಿ ಜೋಡಿಸಿದರೆ ಒಂದು ಪೂರ್ತಿ ಹಾಡಾಗ್ತದೆ ಅಂದರು. ಆಮೇಲೆ ಬಿಲ್ಲಿನ ಹಿಂಬದಿಯಲ್ಲಿ ಎಂಟು ಇಂಗ್ಲಿಷ್ ಅಕ್ಷರ ಬರೆದರು: 'ಮಿಂಟ್ ಜಾಮ್ಸ್'. ಪುದೀನದ ಜಾಮ್ ಇರಬೇಕು ಅಂದುಕೊಂಡೆ. ಅಲ್ಲ, ನಾಲ್ಕು ಜನರ ಹೆಸರು ಮತ್ತು ಮನೆತನದ ಹೆಸರುಗಳ ಮೊದಲ ಅಕ್ಷರ ಸೇರಿಸಿ ಮಾಡಿದ್ದು! ಕೀಬೋರ್ಡಿನಲ್ಲಿ ಇದೇ ಮುಕಾಯಿಯಾ, ಗಿಟಾರ್ ಇಸ್ಸೇ ನೋರೊ, ಬೇಸ್ ತೆತ್ಸುವೊ ಸಾಕುರಾಯ್, ಡ್ರಮ್ಸ್ ಆಕಿರಾ ಜಿಂಬೊ. ಬ್ಯಾಂಡಿನ ಹೆಸರು ಕ್ಯಾಸಿಯೋಪಿಯ, ಆಲ್ಬಮ್ಮಿನ ಹೆಸರು 'ಮಿಂಟ್ ಜಾಮ್ಸ್'.

ಈ ಆಲ್ಬಮ್ಮನ್ನು 1982ರ ಫೆಬ್ರುವರಿಯಲ್ಲಿ ಟೋಕಿಯೊದ ತ್ಸುಕಿಜಿಯ ಒಂದು ಸಭಾಂಗಣದಲ್ಲಿ ಜನರ ಎದುರೇ ನುಡಿಸಿ ರೆಕಾರ್ಡ್ ಮಾಡಿದ್ದಂತೆ. ಆಗ ನಾಲ್ವರಲ್ಲಿ ಯಾರಿಗೂ 26 ತುಂಬಿರಲಿಲ್ಲ. ಆದರೆ ಕೇಳಿದರೆ ಲೈವ್ ಅಂತ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಚಪ್ಪಾಳೆಯನ್ನು ಬಹುಪಾಲು ಕತ್ತರಿಸಿ ಹಾಕಿದ್ದಾರೆ. ಒಂದು ಟ್ರ್ಯಾಕ್ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಮೊದಲು ನನಗೆ ಇದು ಸ್ವಲ್ಪ ಮೋಸ ಅನ್ನಿಸಿತು. ಎರಡನೇ ಸಲ ಕೇಳಿದಾಗ ಆ ಬೇಸರ ಹೋಯಿತು.

ಒಟ್ಟು ಏಳು ಟ್ರ್ಯಾಕ್. ಎರಡನೆಯದು 'ಅಸಾಯಾಕೆ'. ಸೂರ್ಯ ಹುಟ್ಟುವ ಹೊತ್ತಿಗೆ ಆಕಾಶ ಕೆಂಪಾಗ್ತದಲ್ಲ, ಜಪಾನಿಯಲ್ಲಿ ಅದಕ್ಕೆ ಈ ಹೆಸರು. ನೋರೊ ತಂತಿಗಳನ್ನು ಅರ್ಧ ಒತ್ತಿ ಅರ್ಧ ಬಿಟ್ಟು ಚಕಚಕ ಅಂತ ಕೊಚ್ಚುವುದರಿಂದ ಶುರು. ಸ್ವರಕ್ಕಿಂತ ತಾಳವೇ ಜಾಸ್ತಿ ಕೇಳ್ತದೆ. ಆಮೇಲೆ ಉಳಿದವರು ಒಮ್ಮೆಲೇ ಬಂದು ಬೀಳ್ತಾರೆ. ನನಗೆ ನೆನಪಾದದ್ದು ಗದ್ದೆಯ ಯಕ್ಷಗಾನ ಆಟದ ಬೆಳಗಿನ ಜಾವ: ರಾತ್ರಿಯಿಡೀ ತೂಕಡಿಸಿದವರೂ ಕೊನೆಯ ಯುದ್ಧಕ್ಕೆ ಚೆಂಡೆ ಏರಿದ ಕೂಡಲೇ ನೆಟ್ಟಗೆ ಕೂರುವುದು. ಜಪಾನಿನ ನಾಲ್ಕು ಹುಡುಗರಿಗೂ ನಮ್ಮ ವೇಷ ಕಟ್ಟುವ ಚೌಕಿಗೂ ಯಾವ ಸಂಬಂಧವೂ ಇಲ್ಲ, ಗೊತ್ತು. ಆದರೂ ನನ್ನ ಕಿವಿ ಅಲ್ಲೇ ಬೆಳೆದದ್ದಲ್ವಾ?

ತಾಳದ ಲೆಕ್ಕ ಜಾಸ್ತಿಯಾದರೆ ರಸ ಬತ್ತಿಹೋಗ್ತದೆ ಅಂತ ನೀನು ಯಾವಾಗಲೂ ವಾದ ಮಾಡ್ತಿದ್ದೆ. ಅದಕ್ಕೆ ನನ್ನ ಉತ್ತರ ಇದೇ ಆಲ್ಬಮ್ಮಿನ 'ಡಾಮಿನೊ ಲೈನ್' ಅನ್ನುವ ಟ್ರ್ಯಾಕ್. ನನ್ನನ್ನು ತಾಕೆಬಾಶಿಗೆ ಒಯ್ದದ್ದು ಇದೇ. ಸಾಕುರಾಯ್ ತಂತಿಯನ್ನು ಹೆಬ್ಬೆರಳಿನಿಂದ ಬಡಿದು, ಇನ್ನೊಂದು ಬೆರಳಿನಿಂದ ಎಳೆದು ಬಿಟ್ಟು ನುಡಿಸ್ತಾನೆ. ಬೇಸ್ ಹೋಗಿ ಚರ್ಮವಾದ್ಯವೇ ಆದ ಹಾಗೆ. ಅಷ್ಟು ಬಿಗಿಯಾದ ಲೆಕ್ಕ, ಆದರೆ ನುಡಿಸುವವರು ಒಬ್ಬರನ್ನೊಬ್ಬರು ನೋಡಿ ನಗ್ತಾ ಇದ್ದಾರೆ ಅನ್ನಿಸ್ತದೆ. ನೀನು ಮತ್ತು ಮದ್ದಳೆಯವರು ಮುಕ್ತಾಯಕ್ಕೆ ಬರುವ ಮುಂಚೆ ಕಣ್ಣಲ್ಲೇ ಏನೋ ಮಾತಾಡಿಕೊಳ್ತೀರಲ್ಲ, ಹಾಗೆ.

ಎಲ್ಲವೂ ಹೀಗೇ ಅಂತಲ್ಲ. 'ಟಿಯರ್ಸ್ ಆಫ್ ದ ಸ್ಟಾರ್' ನಿಧಾನದ್ದು, ನನಗೆ ಸ್ವಲ್ಪ ಸಕ್ಕರೆ ಜಾಸ್ತಿ. ಅದು ಬಂದಾಗ ನಾನು ಚಹಾಕ್ಕೆ ಏಳ್ತೇನೆ.

ಈ ಮುಕಾಯಿಯಾನಿಗೆ ರೈಲಿನ ಹುಚ್ಚು ಎಷ್ಟೆಂದರೆ, 1995ರಲ್ಲಿ ಅವನ ಕಂಪನಿ ರೈಲು ಓಡಿಸುವ ಗೇಮನ್ನೇ ತಂದಿತು. ಸ್ಟೇಷನ್ ಟ್ಯೂನುಗಳು ಆಮೇಲಿನ ಕಥೆ. ಈಗ ಮೊನ್ನೆಯ ತಮಾಷೆ ನೋಡು: ಕಾಯಾಬಾಚೊದಲ್ಲಿ ಅವನ ಟ್ಯೂನ್ ಮೊಳಗಿತ್ತು, ನನಗೆ ಕೇಳಿಸಲಿಲ್ಲ. ಕಿವಿಯ ತುಂಬಾ ಅವನದೇ ಕೀಬೋರ್ಡ್ ಇತ್ತಲ್ಲ! ಹದಿನೈದು ನಿಮಿಷ ಲೇಟಾಗಿ ಹೋಗಿ ಕಾರಣ ಹೇಳಿದರೆ, ಆ ಹಿರಿಯರು ಬೈಯಲೇ ಇಲ್ಲ. "ಯಾವ ಟ್ರ್ಯಾಕ್?" ಅಂತ ಮಾತ್ರ ಕೇಳಿದರು.

ಫೋನಿನ ಸ್ಪೀಕರಿನಲ್ಲಿ ಕೇಳಬೇಡ, ಬೇಸ್ ಪೂರ್ತಿ ಸತ್ತುಹೋಗ್ತದೆ. ಅಣ್ಣನ ದೊಡ್ಡ ಹೆಡ್‌ಫೋನ್ ಇಸ್ಕೋ. 'ಡಾಮಿನೊ ಲೈನ್' ಬಂದಾಗ ತೊಡೆ ಮೇಲೆ ತಾಳ ಹಾಕ್ತಾ ಕೂತುಕೋ, ಎಲ್ಲಿ ತಪ್ಪಿತು ಅಂತ ಪ್ರಾಮಾಣಿಕವಾಗಿ ಬರೆ. ನನಗೆ ಎರಡು ಕಡೆ ತಪ್ಪಿತು.

ನಿನ್ನವ