ಈಜುಕೊಳದ ಕಾವಲಿನ ಅಣ್ಣನಿಗೆ ಥ್ಯಾಂಕ್ಸ್

ಕಳೆದ ಭಾನುವಾರ ನನ್ನ ಆರು ವರ್ಷದ ಮಗಳನ್ನು ನೀರಿನಿಂದ ಎತ್ತಿದವರೇ, ಗಾಬರಿಯಲ್ಲಿ ನಿಮ್ಮ ಹೆಸರು ಕೇಳುವುದನ್ನೂ ಮರೆತೆ.

ನಾನು ನಾಲ್ಕು ಹೆಜ್ಜೆ ದೂರದಲ್ಲೇ ಇದ್ದೆ, ಚಿಕ್ಕವನಿಗೆ ಸನ್‌ಸ್ಕ್ರೀನ್ ಹಚ್ಚುತ್ತಾ. ಅವಳ ತೋಳಿಗೆ ಗಾಳಿ ತುಂಬಿದ ಪಟ್ಟಿ ಇತ್ತಲ್ಲ, ಅದೇ ಧೈರ್ಯ. ಒಂದು ಜಾರಿಹೋಗಿದ್ದು ಗೊತ್ತೇ ಆಗಲಿಲ್ಲ. ಅವಳು ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕೇ ಇತ್ತು. ಸುಮ್ನೆ ಆಡ್ತಿದ್ದಾಳೆ ಅಂದುಕೊಂಡು ಮತ್ತೆ ಸನ್‌ಸ್ಕ್ರೀನ್ ಟ್ಯೂಬ್ ಕಡೆ ತಿರುಗಿದೆ. ಅಷ್ಟರಲ್ಲಿ ನೀವು ಹಾರಿದ ಸದ್ದು.

ಅವಳನ್ನು ದಡದಲ್ಲಿ ಕೂರಿಸಿ, ಕೆಮ್ಮು ನಿಲ್ಲುವವರೆಗೂ ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದಿರಿ. ನಿಮ್ಮದೇ ಟವೆಲ್ ಹೊದಿಸಿದಿರಿ. ನನ್ನನ್ನು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತೇನೋ! "ಮುಳುಗೋರು ಸದ್ದು ಮಾಡಲ್ಲ ಅಕ್ಕಾ. ಈ ಪಟ್ಟಿ ಬರೀ ಆಟದ ಸಾಮಾನು. ಕೈಗೆ ಸಿಗುವಷ್ಟು ಹತ್ತಿರ ಇರಿ" ಅಂದಿರಿ, ಅಷ್ಟೇ. ಕೆಮ್ಮು ಜಾಸ್ತಿಯಾದರೆ, ಉಸಿರಾಟ ಕಷ್ಟವಾದರೆ, ಮಗು ತೀರಾ ಮಂಕಾದರೆ ತಕ್ಷಣ ಆಸ್ಪತ್ರೆಗೆ ಹೋಗಿ ಅಂತ ಎರಡೆರಡು ಸಲ ಹೇಳಿದಿರಿ.

ಏನೂ ಆಗಲಿಲ್ಲ. ರಾತ್ರಿಯಿಡೀ ಅವಳ ಉಸಿರು ಕೇಳುತ್ತಾ ಪಕ್ಕದಲ್ಲೇ ಕೂತಿದ್ದೆ. ನಿಮ್ಮ ಟವೆಲ್ ಒಗೆದು ಮಡಚಿಟ್ಟಿದ್ದೇನೆ. ಈ ಭಾನುವಾರ ಅವಳೇ ತಂದುಕೊಡುತ್ತಾಳಂತೆ.